ಟಗರುಮುಖದ ಬೀಗ

ಕರಿದಿಬ್ಬ, ನಿಶಾಪುರದ ಹತ್ತಿರ
ಮೆಹರ್ ತಿಂಗಳ ೧೨

ಇಲ್ಲ ಅಮು, ನಾನು ಓಡಿಬಂದದ್ದಲ್ಲ. ಓಡಿಬರುವವನು ಹಿತ್ತಲ ಗೋಡೆ ಹಾರುತ್ತಾನೆ. ನಾನು ನಿಮ್ಮ ಅಂಗಡಿಯ ಮುಂದೆಯೇ, ನಿಮ್ಮ ಕಣ್ಣೆದುರಿಗೇ, ಹೆಗಲಿಗೆ ಕಂಬಳಿ ಏರಿಸಿಕೊಂಡು ನಡೆದುಬಂದವನು. ನೀವು ಅರ ಉಜ್ಜುತ್ತಾ ತಲೆ ಎತ್ತಲಿಲ್ಲ, ಅಷ್ಟೆ. ಹಾಗಿದ್ದೂ ಊರಿಗೆಲ್ಲ "ಅಣ್ಣನ ಮಗ ಓಡಿಹೋದ" ಎಂದು ಸಾರುತ್ತಿದ್ದೀರಂತೆ. ಬಸ್ ಡ್ರೈವರ್ ಸಫರಲಿ ಇಲ್ಲಿಯ ಗ್ಯಾರೇಜಿನಲ್ಲಿ ಸಿಕ್ಕಿ ಎಲ್ಲ ಹೇಳಿದ. "ಅರ ಹಿಡಿಯೋಕೆ ಆಗದೋನು ಗುದ್ದಲಿ ಹಿಡಿದು ಏನು ಕಡಿದು ಕಟ್ಟೆ ಹಾಕ್ತಾನೆ" ಎಂದೂ ಕೇಳಿದಿರಂತೆ.

ಜನಮು, ನಿಮ್ಮ ಗಂಡನಿಗೆ ಇದನ್ನು ಓದಿ ಹೇಳುವಾಗ ಜೋರು ಇರುವ ಕಡೆ ಜೋರಾಗಿಯೇ ಓದಿ. ದೊಡ್ಡವರ ಅಕ್ಷರಶಾಲೆಯಲ್ಲಿ ಮೂರನೇ ಪುಸ್ತಕಕ್ಕೆ ಬಂದಿದ್ದೀರಿ ಎಂದು ಸಫರಲಿಯೇ ಹೇಳಿದ. ನನ್ನ ಕೈಬರಹ ಅದಕ್ಕಿಂತ ಕಷ್ಟವೇನಲ್ಲ.

ಏನು ಕಡಿದೆ ಎಂದರೆ, ಅಮು, ಒಂದು ಬೀಗ ಸಿಕ್ಕಿತು. ಬೀಗದ ಊರು ಚಾಲೆಶ್ತರ್ ಬಿಟ್ಟು ಇಷ್ಟು ದೂರ ಬಂದರೂ ಬೀಗ ನನ್ನನ್ನು ಬಿಡಲಿಲ್ಲ ಎಂದು ನಗಬೇಡಿ.

ಇಲ್ಲಿ ಅಗೆಸುತ್ತಿರುವವರು ಡಾಕ್ಟರ್ ಬೆಹ್‌ರಾದ್. ರೋಗಿಗಳ ಡಾಕ್ಟರಲ್ಲ, ಹಳೇ ಮಣ್ಣಿನ ಡಾಕ್ಟರು. ಎಂಟುನೂರು ವರ್ಷದ ಹಿಂದಿನ ಮನೆಯೊಂದರ ಜಾಗದಲ್ಲಿ ಹೋದ ಶನಿವಾರ ಕುಂಚದಿಂದ ಮಣ್ಣು ಸರಿಸುತ್ತಿದ್ದೆ, ಹಸಿರು ಬಣ್ಣದ ಕೊಂಬು ಕಾಣಿಸಿತು. ಬಿಡಿಸಿದರೆ ಹೆಬ್ಬೆರಳುದ್ದದ ಟಗರು. ಸುರುಳಿ ಕೊಂಬು, ಗಿಡ್ಡ ಬಾಲ. ಮೈ ಕಂಚು, ಬೆನ್ನ ಮೇಲಿನ ಕಂಬಿ ಕಬ್ಬಿಣ. ಬೀಗ ಹಾಕಿದ ಹಾಗೇ ಇದೆ. ಬೀಗದಕೈ ಇಲ್ಲ. ಜೊತೆಗೆ ಒಂದು ಸಣ್ಣ ಸರಪಳಿ ಇತ್ತು, ಅದು ಬಿಡಿ.

ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಫರಂಗಿ ವರ್ಷ ೧೯೭೫ ಎಂದು ಬರೆದು, "ತೆಹ್ರಾನಿಗೆ ಹೋಗ್ಲಿ. ಅಲ್ಲಿ ಕಾರ್ಯಾಗಾರದಲ್ಲಿ ಗರಗಸ ಹಾಕಿ ಸೀಳಿದ್ರೆ ಒಳಗೇನಿದೆ ಗೊತ್ತಾಗುತ್ತೆ" ಎಂದರು. ಗರಗಸ ಎಂದ ಕೂಡಲೇ ನನ್ನ ಬಾಯಿ ನನ್ನ ಕೈಯಲ್ಲಿ ನಿಲ್ಲಲಿಲ್ಲ. "ಯಾಕ್ ಸೀಳ್ತೀರಿ ಡಾಕ್ಟರ್? ನಾನು ತೆಗೀತೀನಿ. ನಮ್ಮ ಅಮು ಚಾಲೆಶ್ತರ್‌ನ ಉಸ್ತಾದ್ ಲುತ್‌ಫುಲ್ಲಾ" ಎಂದುಬಿಟ್ಟೆ.

ಇಲ್ಲಿಯ ಕೂಲಿಗಳಲ್ಲಿ ಹಿರಿಯ ಮಷ್ ಕುರ್ಬಾನ್ ಎಂಬ ಮುದುಕನಿದ್ದಾನೆ. ನನ್ನನ್ನು "ಲೂರ್" ಎಂದೇ ಕರೆಯುವುದು; ನಮ್ಮ ಬೆಟ್ಟದ ಕಡೆಯವರೆಲ್ಲ ಅವನಿಗೆ ಗುಡಾರದಲ್ಲಿರುವ ಲೂರ್ ಜನವೇ. "ಲೂರ್‌ಗೂ ಬೀಗಕ್ಕೂ ಏನಯ್ಯಾ ಸಂಬಂಧ? ನಿಮ್ಮ ಗುಡಾರಕ್ಕೆ ಬಾಗಿಲೇ ಇಲ್ವಲ್ಲ!" ಎಂದ. ಎಲ್ಲರೂ ಗುದ್ದಲಿ ಬಿಟ್ಟು ನಕ್ಕರು.

ಡಾಕ್ಟರು ಮಾತ್ರ ನಗಲಿಲ್ಲ. "ಎಷ್ಟು ಓದಿದ್ದೀಯಾ?" ಎಂದರು. ಹತ್ತನೇ ಕ್ಲಾಸು ಎಂದೆ. "ಇನ್ನೆರಡು ತಿಂಗಳಿಗೆ, ಆಜರ್ ಹತ್ತಕ್ಕೆ ಅಗೆತ ಮುಗಿಯುತ್ತೆ. ಅಷ್ಟರೊಳಗೆ ಒಂದು ಚೂರೂ ಮುರಿಯದ ಹಾಗೆ ತೆಗೆದು ತೋರ್ಸು. ಮ್ಯೂಸಿಯಂನ ದುರಸ್ತಿ ಮೇಜಲ್ಲಿ ಒಂದು ಜಾಗ ಖಾಲಿ ಇದೆ, ಖಾಯಂ ಕೆಲ್ಸ. ನಾನೇ ಬರೆದು ಕೊಡ್ತೀನಿ" ಎಂದರು.

ಖಾಯಂ, ಅಮು! ತಿದಿ ಒತ್ತುವುದಲ್ಲ, ಮಣ್ಣು ಹೊರುವುದಲ್ಲ. ಮೇಜು, ದೀಪ, ಭೂತಗನ್ನಡಿ.

ಬೀಗವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಿದ್ದೇನೆ, ಅಳತೆ ಅದೇ. ಬಾಲದ ಕೆಳಗೆ ಬೀಗದಕೈ ತೂತು. ಇಷ್ಟು ಸಣ್ಣ ಬೀಗಕ್ಕೆ ತಿರುಪಿನ ಬೀಗದಕೈಗೆ ಎಷ್ಟು ಸುತ್ತು ಮರೆ ಕೊಯ್ಯಬೇಕು, ಬಲಕ್ಕೋ ಎಡಕ್ಕೋ, ಇಷ್ಟು ಹೇಳಿ ಸಾಕು. ಒಂದೇ ಸಾಲು.

ನಿಮ್ಮ,
ಈರಜ್

*

ಚಾಲೆಶ್ತರ್
ಮೆಹರ್ ತಿಂಗಳ ೨೪

ಈರಜ್, ಕತ್ತೆಮರಿ,

ಇದು ನಿನ್ನ ಅಮು ಹೇಳಿದ್ದು, ನಾನು ಬರೆದದ್ದು. ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ನಮ್ಮ ಟೀಚರಮ್ಮ ಹೇಳಿದ್ದಾಳೆ.

ಒಂದೇ ಸಾಲು ಕೇಳ್ತೀಯಾ? ಒಂಬತ್ತು ವರ್ಷ ಈ ಅಂಗಡಿಲಿ ನಿನ್ನ ಕಿವಿಗೆ ಸುರಿದದ್ದೆಲ್ಲಾ ಎಲ್ಲಿ ಹೋಯ್ತು? ಬೀಗದ ಹೊಟ್ಟೆ ಒಳಗಿನ ವಿಷ್ಯ ಬಾಯಿಂದ ಕಿವಿಗೆ, ಕೈಯಿಂದ ಕೈಗೆ. ಕಾಗದಕ್ಕಲ್ಲ. ಕಾಗದ ಕಳ್ಳನ ಕೈಗೂ ಸಿಗುತ್ತೆ. ನಮ್ಮಪ್ಪ ನನಗೆ ಬರೆದುಕೊಡಲಿಲ್ಲ, ಅವರಪ್ಪ ಅವರಿಗೆ ಬರೆದುಕೊಡಲಿಲ್ಲ. ನಿನಗೊಬ್ಬನಿಗೆ ಅಂಚೇಲಿ ಬರಬೇಕೇನು?

ಆ ಬೀಗದ ವಿಷ್ಯ ಬೇಕು ಅಂದ್ರೆ ಬಸ್ ಹತ್ತಿ ಬಾ. ನೀನು ಕಬ್ಬಿಣ ಬಿಗೀತಿದ್ದ ಪಟ್ಟು ಇನ್ನೂ ಬೆಂಚಿಗೆ ಕಚ್ಕೊಂಡೇ ಇದೆ. ನಾನು ತೆಗೆದಿಲ್ಲ. ತೆಗೆದಿಲ್ಲ ಅನ್ನೋದು ಬರೀಬೇಡ. (ಬರೆದಾಯ್ತು.)

ಹಳೇದು ಅಂದ ಮಾತ್ರಕ್ಕೆ ಅದೇನು ದೇವರಲ್ಲ. ಬೀಗ ಬೀಗವೇ. ಇಷ್ಟೇ ನನ್ನ ಮಾತು. ಚಳಿ ಬಂತು, ಉಣ್ಣೆ ಕಾಲುಚೀಲ ಹಾಕ್ಕೋ.

ಉಸ್ತಾದ್ ಲುತ್‌ಫುಲ್ಲಾ

ಇಲ್ಲಿಂದ ಕೆಳಗೆ ನನ್ನದು. ಅವನು ಚಹಾ ಕುಡಿಯೋಕೆ ಎದ್ದುಹೋದ. ಎಷ್ಟು ಸಾಲು ಬರೆದೆ ಅಂತ ಅವನಿಗೇನು ಗೊತ್ತಾಗುತ್ತೆ?

ಈರಜ್, "ಸಣ್ಣ ಸರಪಳಿ ಇತ್ತು, ಅದು ಬಿಡಿ" ಅಂತ ಬರೆದಿದ್ದೀಯಲ್ಲ, ಯಾಕೆ ಬಿಡ್ಬೇಕು? ಎಷ್ಟುದ್ದ? ಬೀಗಕ್ಕೆ ಸಿಕ್ಕಿಸಿತ್ತಾ, ಬೇರೆ ಬಿದ್ದಿತ್ತಾ? ಕಡಿದಿತ್ತಾ, ಇಡೀ ಇತ್ತಾ? ಬೀಗ ಮನೇಲಿ ಎಲ್ಲಿ ಸಿಕ್ತು, ಬಾಗಿಲ ಹತ್ರವಾ, ಒಳಗಾ? ಹತ್ರ ಮೂಳೆ ಏನಾದ್ರೂ ಇತ್ತಾ? ನಾನು ಕೇಳಿದೆ ಅಂತ ಜೋರಾಗಿ ಓದೋ ಕಡೆ ಬರೀಬೇಡ, ಬೇರೆ ಚೀಟಿ ಹಾಕು. ಒಣ ಹಿಪ್ಪುನೇರಳೆ ಹಣ್ಣು ಸಫರಲಿ ಕೈಲಿ ಕಳ್ಸಿದ್ದೀನಿ, ಆ ಮುದುಕನಿಗೂ ಸ್ವಲ್ಪ ಕೊಡು. ತಿನ್ನೋ ಬಾಯಿ ಕಡಿಮೆ ಆಡ್ಕೊಳ್ಳುತ್ತೆ.

ಗೊಲಂದಾಮ್

*

ಕರಿದಿಬ್ಬ
ಆಬಾನ್ ತಿಂಗಳ ೩

ಅಮು,

ಬಸ್ ಹತ್ತಿ ಬಾ ಎಂದರೆ ಅರ್ಥವೇನು ಎಂದು ನನಗೆ ಗೊತ್ತು. ಬಂದರೆ ಬೀಗದ ವಿಷಯ ನಾಳೆ ಹೇಳುತ್ತೀರಿ, ನಾಳಿದ್ದು ಹೇಳುತ್ತೀರಿ, ಅಷ್ಟರಲ್ಲಿ ತಿದಿಯ ಹಿಡಿ ನನ್ನ ಕೈಯಲ್ಲಿರುತ್ತದೆ. ಇಲ್ಲಿ ಡಾಕ್ಟರು ಆ ಬೀಗವನ್ನು ಎತ್ತಿ ಹಿಡಿದು ನೋಡುವಾಗ ಉಸಿರು ಕಟ್ಟಿಕೊಳ್ಳುತ್ತಾರೆ. ನೀವು ಬೀಗ ಬೀಗವೇ ಎನ್ನುತ್ತೀರಿ.

ನಿಮ್ಮ ಒಂದು ಸಾಲು ಬಾರದೆ ಇದ್ದುದರಿಂದ ಏನಾಯಿತು ಕೇಳಿ. ದೊಡ್ಡ ಮೊಳೆಯೊಂದಕ್ಕೆ ನಾನೇ ಐದು ಸುತ್ತು ಮರೆ ಕೊಯ್ದು ಬೀಗದಕೈ ಮಾಡಿದೆ. "ಒಣ ಬೀಗಕ್ಕೆ ಕೈ ಹಾಕೋನು ಬೀಗದೋನಲ್ಲ" ಎಂದು ನೀವೇ ಅಲ್ಲವೇ ನನ್ನ ಕೈಗೆ ಅರದಿಂದ ಹೊಡೆದು ಕಲಿಸಿದ್ದು? ಅಡಿಗೆಯವನ ಹತ್ತಿರ ಕುರಿಬಾಲದ ಕೊಬ್ಬು ಈಸಿಕೊಂಡು, ಕರಗಿಸಿ, ಬೆಚ್ಚಗೆ ಮೂರು ಹನಿ ತೂತಿಗೆ ಬಿಟ್ಟೆ. ಆಮೇಲೆ ಬೀಗದಕೈ ಇಟ್ಟು ಬಲಕ್ಕೆ ತಿರುಗಿಸಿದೆ. ಕಚ್ಚಲಿಲ್ಲ. ಎಡಕ್ಕೆ ತಿರುಗಿಸಿದೆ. ಒಂದು ಹಸಿರು ಚಕ್ಕೆ ಎದ್ದು ಬಿತ್ತು. ತಲೆ ಎತ್ತಿದರೆ ಡಾಕ್ಟರು ಮೂಗರಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ಇದೇನು ವಾಸನೆ?"

"ಕೊಬ್ಬು, ಡಾಕ್ಟರ್. ಬೀಗಕ್ಕೆ."

"ಬೀಗಕ್ಕೆ?"

"ಹೂಂ. ಒಣಗಿತ್ತಲ್ಲ."

ಅವರು ಕೂತುಬಿಟ್ಟರು. ಬೈದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು: "ಮಗನೇ, ಆ ತೂತಿನೊಳಗಿನ ಮಣ್ಣಲ್ಲಿ ಎಂಟುನೂರು ವರ್ಷದ್ದು ಏನೇನಿತ್ತೋ. ಒಂದು ನೂಲು, ಒಂದು ಚೂರು ಎಣ್ಣೆ, ಯಾರದೋ ಕೈ ಬೆವರು. ಅದನ್ನ ಪರೀಕ್ಷೆ ಮಾಡಿಸ್ಬಹುದಿತ್ತು. ಈಗ ಪರೀಕ್ಷೆ ಮಾಡಿದ್ರೆ ನಮ್ಮ ಅಡಿಗೆಯೋನು ಮೊನ್ನೆ ಕೊಯ್ದ ಕುರಿ ಗಂಡೋ ಹೆಣ್ಣೋ ಅಂತ ಗೊತ್ತಾಗುತ್ತೆ."

ನನ್ನನ್ನು ಮೇಜಿನಿಂದ ಎಬ್ಬಿಸಿ ಮತ್ತೆ ಮಣ್ಣು ಹೊರಲು ಹಾಕಿದ್ದಾರೆ. ಆದರೆ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ. "ಆಜರ್ ಹತ್ತರ ತನಕ ಸಮಯ ಇದೆ. ಯೋಚ್ನೆ ಮಾಡು, ಮುಟ್ಬೇಡ" ಎಂದಿದ್ದಾರೆ. ಮಷ್ ಕುರ್ಬಾನ್ ಈಗ ನನ್ನನ್ನು ಲೂರ್ ಎನ್ನುವುದಿಲ್ಲ. "ಏನಯ್ಯಾ ಒಗ್ಗರಣೆ" ಎನ್ನುತ್ತಾನೆ.

ನಿಮಗೆ ಇದು ಸಂತೋಷ ತಂದಿದ್ದರೆ ಇನ್ನಾದರೂ ಒಂದು ಸಾಲು ಬರೆಸಿ.

ಈರಜ್

(ಬೇರೆ ಚೀಟಿ)

ಜನಮು, ಹಣ್ಣು ಬಂತು. ಕುರ್ಬಾನನ ಬಾಯಿ ಕಾಲು ಗಂಟೆ ಮುಚ್ಚಿತ್ತು.

ಸರಪಳಿ ತಾಮ್ರದ್ದು, ಗೋಧಿಕಾಳಿನಷ್ಟು ಸಣ್ಣ ಕೊಂಡಿಗಳು. ನನ್ನ ಗೇಣಿನಲ್ಲಿ ನಾಲ್ಕೂವರೆ. ಎರಡು ತುದಿಯೂ ಬೀಗದ ಕಂಬಿಯಲ್ಲೇ ಇವೆ, ಬಳೆಯ ಹಾಗೆ ಸುತ್ತು ಪೂರ್ತಿ. ಎಲ್ಲೂ ಕಡಿದಿಲ್ಲ. ಸಿಕ್ಕಿದ್ದು ಒಳಗಿನ ಕೋಣೆಯಲ್ಲಿ, ರೊಟ್ಟಿ ಸುಡುವ ತಂದೂರಿನ ಬದಿಗೆ, ನೆಲದಲ್ಲಿ ಮಾಡಿದ ಒಂದು ಗೂಡಿನಲ್ಲಿ. ಮೂಳೆಗೀಳೆ ಏನೂ ಇಲ್ಲ. ಪುಸ್ತಕದ ಪೆಟ್ಟಿಗೆಗೆ ಸುತ್ತಿದ್ದಿರಬಹುದು ಎಂದು ಡಾಕ್ಟರು, ಕತ್ತೆಯ ಕಾಲಿಗೆ ಎಂದು ಕುರ್ಬಾನ್. ಆದರೆ ಸುತ್ತಿನೊಳಗೆ ಏನೂ ಇರಲಿಲ್ಲ. ಬರೀ ಗಾಳಿಗೆ ಯಾರಾದರೂ ಬೀಗ ಹಾಕುತ್ತಾರೆಯೇ? ನೀವು ಯಾಕೆ ಕೇಳಿದಿರಿ?

*

ಚಾಲೆಶ್ತರ್
ಆಬಾನ್ ತಿಂಗಳ ೧೪

ಈರಜ್,

ಕೊಬ್ಬಿನ ಕಥೆ ಓದಿದಾಗ ನಿನ್ನ ಅಮು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಈಗ ಹೇಳ್ತಿದ್ದಾನೆ, ಬರ್ಕೋತೀನಿ.

ಏನೋ ಕತ್ತೆಮರಿ, ನೋಡೋದಕ್ಕೆ ಮುಂಚೆ ತಿರುಗ್ಸು ಅಂತ ಯಾರು ಕಲಿಸಿದ್ರು ನಿನಗೆ? ತೂತು ಇದೆ ಅಂತ ಬರೆದೆ. ದುಂಡಗಿದೆಯೋ ಚೌಕಾನೋ ಬರೆದ್ಯಾ? ಅಂಚು ಸವೆದಿದೆಯಾ? ಸವೆದಿದ್ರೆ ಮೇಲೋ ಕೆಳಗೋ? ಬೀಗ ಕಿವಿ ಹತ್ರ ಹಿಡಿದು ಅಲ್ಲಾಡಿಸು, ಮೆಲ್ಲಗೆ. ಒಳಗೆ ಸದ್ದು ಬರುತ್ತಾ? ಒಂದು ಸದ್ದಾ, ಎರಡಾ? ಕಂಬಿ ಎಷ್ಟು ದಪ್ಪ, ಬಾರ್ಲಿಕಾಳಿನ ಲೆಕ್ಕದಲ್ಲಿ ಹೇಳು. ಟಗರಿನ ಮುಖ ಮೈಗೆ ಬೆಸೆದಿದ್ದಾ, ಒಂದೇ ಎರಕವಾ? ಒಂದೊಂದಕ್ಕೂ ಉತ್ತರ ಬೇಕು. ಗೊತ್ತಿಲ್ಲ ಅಂತ ಬರೆದ್ರೆ ನನ್ನ ಅಂಗಡಿ ಹೆಸರು ಹೇಳ್ಬೇಡ ಅಲ್ಲಿ.

ಬರೆದಾಯ್ತಾ? ಹಾಗಾದ್ರೆ ಮಡಚು, ಅಂಟಿಸು.

ಉಸ್ತಾದ್ ಲುತ್‌ಫುಲ್ಲಾ

ಅಂಟಿಸಿಲ್ಲ. ಅಂಗಡಿಗೆ ಹೋದ. ಊರ ಸ್ನಾನದಮನೆ ಹಮಾಮಿನ ಬಾಗಿಲಿಗೆ ತಿರುಗಣಿ ಮಾಡ್ತಿದ್ದೀನಿ ಅಂತ ಹತ್ತು ದಿನದಿಂದ ಹೇಳ್ತಿದ್ದಾನೆ. ಮಧ್ಯಾಹ್ನ ಬುತ್ತಿ ಕೊಡೋಕೆ ಹೋದ್ರೆ ಬೆಂಚಿನ ಮೇಲೆ ಬಟ್ಟೆ ಎಳೀತಾನೆ. ಇರ್ಲಿ.

ಈಗ ನಿನ್ನ ಸರಪಳಿ. ನಾಲ್ಕೂವರೆ ಗೇಣು ಅಂದ್ಯಲ್ಲ, ಅದು ಕತ್ತೆ ಕಾಲಲ್ಲ ಈರಜ್, ಹೆಂಗಸಿನ ಸೊಂಟ. ಬಸುರಿ ಸೊಂಟ, ಸ್ವಲ್ಪ ಸಡಿಲ.

ಇದು ಗಂಡಸ್ರಿಗೆ ಹೇಳೋದಲ್ಲ. ಆದ್ರೆ ನಿನ್ನ ಕೈಗೆ ಸಿಕ್ಕಿದೆ, ನೀನು ಕತ್ತೆ ಕಾಲು ಅಂದ್ಕೊಂಡು ಸಾಯೋದು ಬೇಡ. ಬಸಿರು ನಿಲ್ಲದ ಹೆಂಗಸಿಗೆ ಸೊಂಟಕ್ಕೆ ಸರಪಳಿ ಸುತ್ತಿ, ಕುರಾನಿನ ಯಾಸೀನ್ ಓದಿ, ಸಣ್ಣ ಬೀಗ ಹಾಕ್ತಾರೆ. ಮಗು ಜಾರದೇ ಇರಲಿ ಅಂತ. ಒಂಬತ್ತು ತುಂಬಿದ ಮೇಲೆ ಹಿರಿಯವಳೊಬ್ಬಳು ಬೀಗ ತೆಗೀತಾಳೆ, ದಾರಿ ಬಿಡ್ಲಿ ಅಂತ. ಮಗು ಹುಟ್ಟಿ ನಲವತ್ತು ದಿನ ಆದ ಮೇಲೆ ಸರಪಳೀನ ಮತ್ತೆ ಬೀಗಕ್ಕೆ ಸಿಕ್ಕಿಸಿ, ಬೀಗ ಹಾಕಿ, ಒಲೆ ಹತ್ರ ಬೆಚ್ಚಗೆ ಎತ್ತಿಡ್ತಾರೆ. ಮುಂದಿನವಳಿಗೆ ಬೇಕಾಗುತ್ತಲ್ಲ. ಬೀಗದಕೈ ಮಾತ್ರ ಹಿರಿಯವಳ ಹತ್ರ ಬೇರೆ ಇರುತ್ತೆ.

ಹೆರಿಗೇಲಿ ಹೋದವಳ ಸರಪಳೀನ ಕತ್ತರಿಸಿ ತೆಗೀತಾರೆ. ಅದನ್ನ ಮನೇಲಿಡಲ್ಲ, ಹರಿಯೋ ನೀರಿಗೆ ಹಾಕ್ತಾರೆ. ಅದಕ್ಕೇ ಕೇಳಿದ್ದು ಕಡಿದಿತ್ತಾ, ಇಡೀ ಇತ್ತಾ ಅಂತ. ಇಡೀ ಇದೆ. ಒಲೆ ಬದೀಲಿದೆ. ಬೀಗ ಹಾಕಿದೆ. ಅಂದ್ರೆ ಆ ಮನೇಲಿ ಮಗು ಹುಟ್ಟಿದೆ ಕಣೋ. ನಮ್ಮ ಕಡೆ ಲೆಕ್ಕ ಇದು. ಎಂಟುನೂರು ವರ್ಷದ ಹಿಂದೆ ನಿಶಾಪುರದ ಹೆಂಗಸರು ಏನು ಮಾಡ್ತಿದ್ರೋ ನಾನೇನು ನೋಡೋಕೆ ಹೋಗಿದ್ನಾ? ಆದ್ರೂ ನನಗೆ ಅನ್ಸೋದು ಹೀಗೆ.

ಹೇಗೆ ಗೊತ್ತು ಅಂತೀಯಾ? ನನ್ನ ಮಗಳು, ನಿನ್ನ ಅಕ್ಕ ಪರ್ವಾನೆ ಹುಟ್ಟೋ ಮುಂಚೆ ನನಗೆ ಎರಡು ಕೂಸು ಹೋಗಿದ್ವು. ನಿನಗೆ ಯಾರೂ ಹೇಳಿಲ್ಲ. ಮೂರನೇ ಸಲ ನಿನ್ನ ಅಜ್ಜಿ ನನಗೆ ಬೀಗ ಹಾಕಿದ್ಲು. ಆ ಬೀಗ ಅಮುವಿನ ಅಂಗಡೀದೇ. ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗುತ್ತೆ ಅಂತ ಅಜ್ಜಿ ಸುಮ್ನೆ ಎತ್ಕೊಂಡು ಬಂದ್ಲು. ಅವನು ಬೀಗ ಕಾಣೆಯಾಯ್ತು ಅಂತ ಬೀದಿಯೆಲ್ಲಾ ಕೂಗಾಡಿ, ಎದುರು ಅಂಗಡಿ ಹೈದರ್‌ಕುಲಿನೇ ಕದ್ದದ್ದು ಅಂತ ತೀರ್ಮಾನ ಮಾಡಿ, ಇಪ್ಪತ್ನಾಲ್ಕು ವರ್ಷ ಆಯ್ತು, ಇವತ್ತಿಗೂ ಅವನ ಸಲಾಮಿಗೆ ಸಲಾಮು ಹೇಳಲ್ಲ.

ಇದನ್ನ ಓದಿ ಒಲೆಗೆ ಹಾಕು.

ಗೊಲಂದಾಮ್

*

ಕರಿದಿಬ್ಬ
ಆಬಾನ್ ತಿಂಗಳ ೨೨

ಅಮು,

ನಿಮ್ಮ ಪರೀಕ್ಷೆಗೆ ಉತ್ತರ ತೆಗೆದುಕೊಳ್ಳಿ. ತೂತು ದುಂಡಗಿಲ್ಲ, ಚೌಕವೂ ಅಲ್ಲ. ಎರಡು ಬಾರ್ಲಿಕಾಳನ್ನು ಪಕ್ಕ ಪಕ್ಕ ನಿಲ್ಲಿಸಿದ ಹಾಗೆ ಎರಡು ಸೀಳು. ಮಣ್ಣು ಮತ್ತು ನನ್ನ ಕೊಬ್ಬು ತೆಗೆದ ಮೇಲೆ ಕಾಣಿಸಿತು. ಡಾಕ್ಟರ ಒಪ್ಪಿಗೆ ಕೇಳಿಯೇ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ದೇನೆ, ಅಚ್ಚು ಇದರ ಜೊತೆಗಿದೆ. ಸವೆತ ಒಳ ಅಂಚಿನಲ್ಲಿ. ಅಲ್ಲಾಡಿಸಿದರೆ ಸದ್ದಿಲ್ಲ. ಕಂಬಿ ಮೂರು ಕಾಳು ದಪ್ಪ. ಟಗರು ಒಂದೇ ಎರಕ.

ಎಲ್ಲ ಹೇಳಿಯಾಯಿತು. ಈಗ ನನ್ನ ಮಾತು. ಮೂರು ಪತ್ರ ಬರೆದೆ. ಒಂದು ಸಾಲು ಕೇಳಿದೆ. ಮೊದಲು ಕಾಗದಕ್ಕೆ ಹಾಕಬಾರದು ಎಂದಿರಿ. ಆಮೇಲೆ ನನ್ನನ್ನೇ ಹತ್ತು ಪ್ರಶ್ನೆ ಕೇಳಿದಿರಿ. ಮಣ್ಣು ಹೊರುತ್ತಾ ಹೊರುತ್ತಾ ಯೋಚಿಸಿದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ತಿರುಪಿನ ಬೀಗ ಬಿಟ್ಟು ಬೇರೆ ಮಾಡಿದ್ದೇ ಇಲ್ಲ. ಇದು ತಿರುಪಿನದಲ್ಲ. ಇದು ಹೇಗೆ ತೆಗೆಯುವುದು ಎಂದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಮೀಸೆ ಉದುರುತ್ತದೆ, ಅದಕ್ಕೆ ಕಸುಬಿನ ನಿಯಮ, ಬಸ್ ಹತ್ತಿ ಬಾ ಎಂಬ ಆಟ. ಗೊತ್ತಿಲ್ಲ ಎಂದು ಹೇಳಿದ್ದರೆ ನಾನು ಮೆಹರ್ ತಿಂಗಳಲ್ಲೇ ಇನ್ನೊಬ್ಬ ಉಸ್ತಾದನನ್ನು ಹುಡುಕುತ್ತಿದ್ದೆ. ಇನ್ನು ಹದಿನೆಂಟು ದಿನ ಉಳಿದಿದೆ.

ಈರಜ್

(ಬೇರೆ ಚೀಟಿ)

ಜನಮು, ನಿಮ್ಮ ಮಾತನ್ನು ಒಲೆಗೆ ಹಾಕುವ ಮೊದಲು ನಿಮ್ಮ ಮನೆಯ ವಿಷಯ ಬಿಟ್ಟು ಉಳಿದದ್ದನ್ನು ಡಾಕ್ಟರಿಗೆ ಹೇಳಿದೆ. ತಪ್ಪಾದರೆ ಬೈಯಿರಿ.

ಅವರು ಚಹಾ ಲೋಟ ಕೆಳಗಿಟ್ಟರು. ಸರಪಳಿಯನ್ನು ಬಿಳಿ ಬಟ್ಟೆಯ ಮೇಲೆ ದುಂಡಗೆ ಹರಡಿ ನೋಡಿದರು. "ಯಾರು ಹೇಳಿದ್ದು?" ಎಂದರು. ನಮ್ಮ ಜನಮು ಎಂದೆ. "ಏನು ಓದಿದ್ದಾರೆ?" "ದೊಡ್ಡವರ ಶಾಲೆ, ಮೂರನೇ ಪುಸ್ತಕ." "ನಾನು ಪ್ಯಾರಿಸ್‌ನಲ್ಲಿ ಆರು ವರ್ಷ ಓದಿದೆ, ಪುಸ್ತಕದ ಪೆಟ್ಟಿಗೆ ಅಂದೆ" ಎಂದು ತಮ್ಮ ಹಣೆಗೆ ತಾವೇ ತಟ್ಟಿಕೊಂಡರು. "ಇದು ಸಾಕ್ಷಿ ಅಲ್ಲ, ಆದ್ರೆ ಈ ಬೀಗದ ಬಗ್ಗೆ ಯಾರಾದ್ರೂ ಆಡಿದ ಮೊದಲನೇ ಬುದ್ಧಿವಂತಿಕೆ ಮಾತು" ಎಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು ಬರೆದುಕೊಂಡರು. ಮಷ್ ಕುರ್ಬಾನನಿಗೂ ಕೇಳಿಸಿತು. ಅವನು ಆ ದಿನವೆಲ್ಲ ತಂದೂರಿನ ಗೂಡನ್ನು ತುಳಿಯದೆ ಸುತ್ತಿಕೊಂಡು ನಡೆದ.

ಆದರೆ ಗರಗಸದ ಮಾತು ಇನ್ನೂ ಹೋಗಿಲ್ಲ. ಒಳಗೆ ಹೇಗಿದೆ ಎಂದು ನೋಡಲೇಬೇಕಂತೆ. ನಾನು ತೆಗೆದರೆ ಸರಿ, ಇಲ್ಲದಿದ್ದರೆ ಸೀಳು. ನನ್ನ ಕೆಲಸವೂ ಅದರ ಜೊತೆಗೇ.

*

ಚಾಲೆಶ್ತರ್
ಆಜರ್ ತಿಂಗಳ ೩

ಈರಜ್,

ಇದು ಪೂರ್ತಿ ನನ್ನದೇ. ಅವನು ಮನೇಲಿಲ್ಲ.

ನಿನ್ನ ಪತ್ರ ಓದಿದೆ. ತೂತು, ಸೀಳು, ಕಂಬಿ ಎಲ್ಲಾ ಓದಿದೆ. "ಈಗ ನನ್ನ ಮಾತು" ಅಂತ ಬಂದ ಕಡೆ ನಾನು ಹಾರಿಸಿ, ಎಲ್ಲರಿಗೂ ಸಲಾಮು ಹೇಳಿದ್ದಾನೆ ಅಂದೆ.

"ಗೊಲಂದಾಮ್, ಕಾಗದದಲ್ಲಿ ಇನ್ನೂ ಕಪ್ಪಗೆ ತುಂಬಿದೆ. ಸಲಾಮು ಅಷ್ಟುದ್ದ ಇರಲ್ಲ. ಓದು" ಅಂದ.

"ಓದೋಕೆ ಬರಲ್ಲ, ಕಷ್ಟದ ಅಕ್ಷರ" ಅಂದೆ.

"ಬರುತ್ತೆ. ಓದು."

ಓದಿದೆ. ಅವನು ಸಕ್ಕರೆ ಗಟ್ಟಿ ಬಾಯಲ್ಲಿಟ್ಕೊಂಡು ಪೂರ್ತಿ ಚಹಾ ಕುಡಿದ. ಆಮೇಲೆ ಅಂದ, "ಹುಡುಗ ಸರಿಯಾಗೇ ಹೇಳಿದ್ದಾನೆ. ನನಗೆ ಗೊತ್ತಿರ್ಲಿಲ್ಲ."

ಆಮೇಲೆ ನನ್ನನ್ನ ಅಂಗಡಿಗೆ ಕರ್ಕೊಂಡು ಹೋದ. ಬೆಂಚಿನ ಮೇಲಿಂದ ಬಟ್ಟೆ ತೆಗೆದ. ಹಮಾಮಿನ ತಿರುಗಣಿಯೂ ಇಲ್ಲ, ಏನೂ ಇಲ್ಲ. ನಿನ್ನ ಮೊದಲನೇ ಪತ್ರದ ಚಿತ್ರ ಗೋಡೆಗೆ ಮೊಳೆ ಹೊಡೆದಿದೆ. ಕೆಳಗೆ ಮೂರು ಟಗರು. ಒಂದೂವರೆ ತಿಂಗಳಿಂದ ಅವನು ನಿನ್ನ ಬೀಗಾನ ಮಾಡ್ತಾ ಕೂತಿದ್ದ ಕಣೋ. ಹೇಗೆ ತೆಗೆಯೋದು ಅಂತ ತಿಳೀಬೇಕಾದ್ರೆ ಅದನ್ನ ಮಾಡ್ಲೇಬೇಕಿತ್ತು ಅಂದ. ಮೊದಲೆರಡರ ಹೊಟ್ಟೆ ಒಳಗೆ ಮುರಿದುಹೋಗಿತ್ತು. ನೀನು ಎರಡು ಸೀಳು ಅಂತ ಬರೆದು ಅಚ್ಚು ಕಳ್ಸಿದ ಮೇಲೆ ಮೂರನೇದು ಕೂತ್ಕೊಂಡ್ತು. ಬೀಗದಕೈ ಇಟ್ಟು ತಳ್ಳಿದ, ಟಗರಿನ ಬೆನ್ನಿಂದ ಕಂಬಿ ಜಾರಿ ನನ್ನ ಅಂಗೈಗೆ ಬಿತ್ತು. ಇಬ್ರೂ ನಕ್ವಿ.

ಅವನೇ ಗೊತ್ತಿರ್ಲಿಲ್ಲ ಅಂದ ಮೇಲೆ ನನಗೂ ತಡೀಲಿಲ್ಲ. ನಾನು ಆ ಬೀಗದ ಕಥೆ ಹೇಳಿದೆ. ನಿನ್ನ ಅಜ್ಜಿ ಎತ್ಕೊಂಡು ಬಂದದ್ದು, ನನ್ನ ಸೊಂಟದಲ್ಲಿ ಏಳು ತಿಂಗಳು ಇದ್ದದ್ದು, ಹೋದ ಎರಡು ಕೂಸಿನ ವಿಷ್ಯ ನಾನು ಅವನೆದುರು ಯಾಕೆ ಬಾಯಿಬಿಡ್ತಿರ್ಲಿಲ್ಲ ಅನ್ನೋದು. ಅವನು ಆ ಕಂಬೀನ ನನ್ನ ಅಂಗೈಯಿಂದ ಎತ್ಕೊಂಡ.

"ಅದು ತಣ್ಣಗೆ ಕೊರೀತಿರ್ಲಿಲ್ವಾ?" ಅಂದ.

"ಕೊರೀತಿತ್ತು" ಅಂದೆ.

"ಹಾಗಾದ್ರೆ ಹೈದರ್‌ಕುಲಿ ಕದ್ದಿಲ್ಲ?"

"ಇಲ್ಲ."

ಟೋಪಿ ಹಾಕ್ಕೊಂಡು ಹೊರಟ. ಬೀದಿ ದಾಟಿ ಹೈದರ್‌ಕುಲಿ ಅಂಗಡಿ ಒಳಗೆ ಹೋದದ್ದು ನೋಡಿದೆ. ಎರಡು ಗಂಟೆ ಆಯ್ತು, ಇನ್ನೂ ಬಂದಿಲ್ಲ. ಏನು ಹೇಳ್ತಿದ್ದಾನೋ ದೇವರಿಗೇ ಗೊತ್ತು. ಕೂಗಾಟ ಕೇಳಿಸ್ತಿಲ್ಲ.

ಹೋಗೋ ಮುಂಚೆ ನಿನಗೆ ಅಂತ ಒಂದು ಡಬ್ಬಿ ಕಟ್ಟಿಟ್ಟ. ಸಫರಲಿ ತರ್ತಾನೆ. ಅದರಲ್ಲಿ ಒಳ್ಳೇ ಟಗರು, ಅದರ ಬೀಗದಕೈ, ಮತ್ತೆ ಒಂದು ಕಾಗದ. ಅಕ್ಷರ ಬರಲ್ಲ ಅಂತ ಹೊಟ್ಟೆ ಒಳಗಿಂದು ಚಿತ್ರ ಬರೆದಿದ್ದಾನೆ. ಅಂತೂ ಅವನ ವಂಶದಲ್ಲಿ ಮೊದಲನೇ ಸಲ ಬೀಗ ಕಾಗದಕ್ಕೆ ಬಂತು. ಮುರಿದ ಎರಡನ್ನೂ ಇಟ್ಟಿದ್ದಾನೆ. ಮುರಿದದ್ದು ಯಾಕೆ ಕಳ್ಸ್ತೀಯಾ, ಹುಡುಗ ಅಣಕ ಅಂದ್ಕೋತಾನೆ ಅಂದೆ. "ಅವನು ನನ್ನ ಹತ್ರ ಏನಾದ್ರೂ ಕಲ್ತಿದ್ರೆ ಅಂದ್ಕೊಳ್ಳಲ್ಲ" ಅಂದ.

ಗೊಲಂದಾಮ್

*

ಕರಿದಿಬ್ಬ
ಆಜರ್ ತಿಂಗಳ ೯, ಮಧ್ಯಾಹ್ನ

ಅಮು, ಜನಮು,

ಡಬ್ಬಿ ನಿನ್ನೆ ಬಂತು. ಈ ಸಲ ಚೀಟಿ ಬೇರೆ ಇಲ್ಲ, ಇಬ್ಬರಿಗೂ ಒಂದೇ ಪತ್ರ.

ಜನಮು ಹೇಳಿದ್ದು ನಿಜ. ಮುರಿದ ಎರಡನ್ನು ಮೊದಲು ಬಿಚ್ಚಿದೆ, ಅಣಕ ಎಂದೇ ಅಂದುಕೊಂಡೆ. ನೀನು ಕೊಬ್ಬು ಹಾಕಿದೆ, ಮುರಿಯುವುದು ಹೇಗೆ ನೋಡು ಎಂದು. ಪಕ್ಕಕ್ಕೆ ತಳ್ಳಿ ಒಳ್ಳೆಯದನ್ನು ಎತ್ತಿಕೊಂಡೆ. ಎಂಥ ಕೆಲಸ ಅಮು! ಬೀಗದಕೈಯನ್ನು ಎರಡು ಸೀಳಿಗೆ ಕೊಟ್ಟು ತಳ್ಳಿದರೆ, ಮೀನಿನ ರೆಕ್ಕೆಯ ಹಾಗೆ ಒಳಗೆ ಅಗಲಿಸಿ ನಿಂತ ಆ ತೆಳ್ಳನೆಯ ಪಟ್ಟಿಗಳು ಮಡಚಿಕೊಂಡು, ಕಂಬಿ ಜಾರಿ ಈಚೆ ಬರುತ್ತದೆ. ಇಪ್ಪತ್ತು ಸಲ ತೆಗೆದೆ, ಹಾಕಿದೆ. ಮಷ್ ಕುರ್ಬಾನ್ ಈಸಿಕೊಂಡು ತಾನು ಮೂವತ್ತು ಸಲ ತೆಗೆದ. "ನಿನ್ನ ಗುಡಾರಕ್ಕೆ ನಾನೇ ಒಂದು ಬಾಗಿಲು ಮಾಡಿಸಿ ಕೊಡ್ತೀನಿ, ಇದನ್ನ ಹಾಕು" ಎಂದ.

ಬೆಳಿಗ್ಗೆ ಡಾಕ್ಟರ ಅಪ್ಪಣೆ ಪಡೆದು ಹಳೇ ಟಗರನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಅವರು ಹೊರಗೆ ಪೆಟ್ಟಿಗೆಗಳಿಗೆ ಮೊಳೆ ಹೊಡೆಸುತ್ತಿದ್ದರು. ನಿಮ್ಮ ಬೀಗದಕೈ ಸೀಳಿಗೆ ಸರಿಯಾಗಿ ಕೂತಿತು. ಪೆನ್ಸಿಲ್ ಅಚ್ಚು ನೋಡಿ, ಇನ್ನೂರು ಹರದಾರಿ ಆಚೆ ಕೂತು ಮಾಡಿದ್ದು, ಕೂತಿತು! ಒಂದು ಕಾಳಿನಷ್ಟು ಒಳಗೆ ಹೋಯಿತು. ಪಟ್ಟಿಗಳು ಸಿಕ್ಕಿದ್ದು ಬೆರಳಿಗೆ ಗೊತ್ತಾಯಿತು. ಇನ್ನು ಒಂದು ಒತ್ತು ಸಾಕಿತ್ತು. ಆಗ ಒಳಗಿಂದ ಒಣ ಎಲೆ ತುಳಿದ ಹಾಗೆ ಒಂದು ಸಣ್ಣ ಸದ್ದು ಬಂತು, ಅಂಗೈ ಮೇಲೆ ಕೆಂಪು ಪುಡಿ ಉದುರಿತು.

ಕೈ ನಿಂತಿತು. ಆಗ ನಿಮ್ಮ ಮುರಿದ ಬೀಗಗಳು ನೆನಪಾಗಿ ಎಳೆದುಕೊಂಡು ನೋಡಿದೆ. ಎರಡೂ ಒಂದೇ ಜಾಗದಲ್ಲಿ, ಪಟ್ಟಿಯ ಬುಡದಲ್ಲಿ ಮುರಿದಿವೆ. ಹೊಸ ಕಬ್ಬಿಣ, ನಿಮ್ಮ ಕೈಯ ಕೆಲಸ, ಮೊದಲನೇ ಸಲ ತಳ್ಳಿದಾಗಲೇ ಮುರಿದಿದೆ. ಎಂಟುನೂರು ವರ್ಷ ತುಕ್ಕು ತಿಂದ ಕಬ್ಬಿಣ ಬಗ್ಗುತ್ತದೆಯೇ? ಬಗ್ಗುವುದಿಲ್ಲ. ಈ ಬೀಗ ಒತ್ತಿದರೆ ತೆರೆಯುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ಇರುವುದೆಲ್ಲ ಪುಡಿಯಾಗುತ್ತದೆ. ಬೀಗದಕೈ ಕಳಿಸಿದಿರಿ, ಜೊತೆಗೇ ತೆಗೆಯಬೇಡ ಎಂದೂ ಕಳಿಸಿದಿರಿ. ಬಾಯಲ್ಲಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ, ಅದು ನಿಮಗೂ ಗೊತ್ತು.

ಉಸಿರು ಬಿಗಿಹಿಡಿದು ಬೀಗದಕೈಯನ್ನು ಈಚೆಗೆ ಎಳೆದೆ. ಎಳೆಯಲು ತಳ್ಳಿದ್ದಕ್ಕಿಂತ ಹತ್ತು ಪಟ್ಟು ಹೊತ್ತು ಹಿಡಿಯಿತು. ಬೀಗ ಹಾಕಿದ ಹಾಗೇ ಇದೆ. ಚಹಾ ತಣ್ಣಗಾಗಿತ್ತು, ಕುಡಿದೆ. ಆಮೇಲೆ ಈ ಪತ್ರ ಬರೆಯಲು ಕೂತೆ.

ಈಗ ಡಾಕ್ಟರ ಹತ್ತಿರ ಹೋಗಬೇಕು. ಜೀಪು ಬಂದು ನಿಂತಿದೆ. ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೇನೆ. "ಡಾಕ್ಟರ್, ನಾನು ತೆಗೆಯಲ್ಲ. ತೆಗೆಯೋಕೆ ಬರುತ್ತೆ, ಆದ್ರೂ ತೆಗೆಯಲ್ಲ. ತೆಹ್ರಾನ್‌ನವರೂ ಗರಗಸ ಹಾಕ್ಬಾರ್ದು. ಒಳಗೆ ಹೇಗಿದೆ ಅಂತ ತಾನೇ ನೋಡ್ಬೇಕು? ಇಗೊಳ್ಳಿ, ಉಸ್ತಾದ್ ಲುತ್‌ಫುಲ್ಲಾ ಮಾಡಿದ್ದು. ಇದನ್ನ ತೆಗೀರಿ, ಮುಚ್ಚಿ, ಬೇಕಾದ್ರೆ ಸೀಳಿ. ಮುರಿದದ್ದೂ ಎರಡಿದೆ, ನೋಡಿ." ಇಷ್ಟು ಹೇಳಿ ನಿಲ್ಲಿಸುತ್ತೇನೆ. ನಮ್ಮ ಒಪ್ಪಂದದಲ್ಲಿ ತೆಗೆದು ತೋರಿಸು ಎಂದಿತ್ತು. ತೋರಿಸುತ್ತಿಲ್ಲ. ಹಾಗಾಗಿ ಖಾಯಂ ಕೆಲಸ ಕೊಡಲೇಬೇಕೆಂದು ಅವರ ಮೇಲೆ ಹಕ್ಕಿಲ್ಲ. ಆ ಮೇಜು, ಆ ದೀಪ, ಭೂತಗನ್ನಡಿ ಇನ್ನೊಬ್ಬನಿಗೆ ಹೋದರೆ ಹೊಟ್ಟೆ ಉರಿಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ತುಂಬ ಉರಿಯುತ್ತದೆ.

ಹೈದರ್‌ಕುಲಿ ಏನಂದ, ಅದನ್ನು ಬರೆಯಿರಿ ಜನಮು. ಅದು ತಿಳಿಯದೆ ನನಗೆ ನಿದ್ದೆ ಬರುವುದಿಲ್ಲ. ಮತ್ತೆ ಇನ್ನೊಂದು ಕೇಳಬೇಕಿತ್ತು. ಎತ್ತಿಟ್ಟ ಬೀಗವನ್ನು ಮುಂದಿನವಳಿಗೆ ಹಾಕುತ್ತಾರೆ ಎಂದಿರಲ್ಲ, ಈ ಮನೆಯಲ್ಲಿ ಮುಂದಿನವಳು ಯಾಕೆ ಬರಲಿಲ್ಲ? ಊರು ಬಿಟ್ಟರೋ, ಭೂಮಿ ನಡುಗಿತೋ, ಅಥವಾ ಆ ಮನೆಯ ಹೆಂಗಸರಿಗೆ ಆಮೇಲೆ ಬೀಗವೇ ಬೇಕಾಗಲಿಲ್ಲವೋ? ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ" ಎಂದರು, ಎಷ್ಟು ಸಲೀಸಾಗಿ ಎಂದರೆ ನನಗೆ ಅಸೂಯೆಯಾಯಿತು.

ಹೊರಗಿನಿಂದ ಎರಡನೇ ಸಲ ನನ್ನ ಹೆಸರು ಕೂಗುತ್ತಿದ್ದಾರೆ. ಕುರ್ಬಾನ್ ಕಿಟಕಿಯಲ್ಲಿ ತಲೆ ಹಾಕಿ "ಏನ್ ಲೂರ್, ತೆಗೆದ್ಯಾ ಇಲ್ವಾ, ಒಂದು ಹೇಳು, ಜೀಪು ಹೊರಡ್ತಿದೆ" ಎನ್ನುತ್ತಾನೆ. ಬಂದೆ ಎಂದೆ. ಎಡಗೈಯಲ್ಲಿ ಹತ್ತಿ ಸುತ್ತಿದ ಹಳೇ ಟಗರು, ಬಲ ಜೇಬಿನಲ್ಲಿ ನಿಮ್ಮ ಮೂರು. ಗಾಳಿ ಜೋರಾಗಿದೆ, ಕಾಗದ ಹಾರುತ್ತಿದೆ. ಇದನ್ನು ಮಡಚಿ, ಅಂಚೆಗೆ ಹಾಕು ಎಂದು ಕುರ್ಬಾನನ ಕೈಗೆ ಕೊಟ್ಟು, ಹೊರಗೆ ಕಾಲಿಟ್ಟು, ಬಾಗಿಲು ಹಾಕಿಕೊಳ್ಳುತ್ತೇನೆ.

ಈರಜ್